ಸಮುದ್ರ ಕಾಣದ ಕರಾವಳಿ ರಸ್ತೆ

ಪೋರ್ಚುಗಲ್‌ನ ನೈಋತ್ಯ ಕರಾವಳಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲಿನ ಮುಖ್ಯ ರಸ್ತೆಯಿಂದ ಸಮುದ್ರ ಕಾಣುವುದಿಲ್ಲ. ಅಲ್ಕಾಸರ್ ದೊ ಸಾಲ್ ಎಂಬ ಊರಿನಿಂದ ಲಾಗೋಸ್‌ವರೆಗೆ ಹೋಗುವ ಎನ್120 ರಸ್ತೆ ಮ್ಯಾಪಿನಲ್ಲಿ ನೋಡಿದರೆ ಅಟ್ಲಾಂಟಿಕ್‌ನ ಪಕ್ಕದಲ್ಲೇ ಇಳಿದುಕೊಂಡು ಹೋದಂತೆ ಅನಿಸುತ್ತದೆ. ಕಾರಿನಲ್ಲಿ ಕೂತರೆ ಎಡಕ್ಕೂ ಗುಡ್ಡ, ಬಲಕ್ಕೂ ಗುಡ್ಡ. ಬಾಟಲಿಯ ಬಿರಡೆಗೆ ತೊಗಟೆ ಕೊಡುವ ಕಾರ್ಕ್ ಮರಗಳು, ನೀಲಗಿರಿ ತೋಪು, ದನ ಮೇಯುವ ಬಯಲು, ಬಿಳಿ ಗೋಡೆಯ ಬುಡಕ್ಕೆ ನೀಲಿ ಪಟ್ಟಿ ಬಳಿದ ಅಲ್ಲೊಂದು ಇಲ್ಲೊಂದು ಮನೆ. ಉಪ್ಪು ಗಾಳಿ ಮೂಗಿಗೆ ತಾಗುತ್ತದೆ, ಅಷ್ಟೇ.

ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಊರಿನಿಂದ ನಮ್ಮ ಮನೆಗೆ, ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ, ಬಂದಿದ್ದರು. ಅಮ್ಮನ ತವರು ಮರವಂತೆ. ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಜಾಗ. ಬಸ್ಸಿನ ಕಿಟಕಿಯಲ್ಲೇ ಅಲೆ ನೋಡಿ ಬೆಳೆದವರು. ಅವರಿಗೆ ಕರಾವಳಿ ರಸ್ತೆ ಅಂದರೆ ಹಾಗೆಯೇ ಇರಬೇಕು. ಎರಡು ಗಂಟೆ ಸುಮ್ಮನೆ ಕೂತರು. ಆಮೇಲೆ ಕೇಳಿದರು: "ಇದೆಂತ ಮಗಾ, ಸಮುದ್ರದ ಬದಿಗೆ ಹೋಪ ಅಂದ್ಯಲ್ಲ. ಸಮುದ್ರವೇ ಕಾಂತಿಲ್ಲ!"

ಅವರ ಪ್ರಶ್ನೆಗೆ ಆ ಹೊತ್ತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹೆಂಡತಿ ಕಾರು ಓಡಿಸುತ್ತಿದ್ದಳು, ನಾನು ದಾರಿ ನೋಡುತ್ತಿದ್ದೆ. ಸಮುದ್ರ ಬೇಕು ಅಂದರೆ ಮುಖ್ಯ ರಸ್ತೆಯಿಂದ ಪಶ್ಚಿಮಕ್ಕೆ ತಿರುಗಬೇಕು. ಸಣ್ಣ ರಸ್ತೆಯಲ್ಲಿ ಒಂದಷ್ಟು ದೂರ ಹೋದರೆ ಒಂದು ಹಳ್ಳಿ, ಹಳ್ಳಿಯ ಆಚೆ ಕಡಿದಾದ ಬಂಡೆ, ಬಂಡೆಯ ಕೆಳಗೆ ಸಮುದ್ರ. ಅಲ್ಲಿಗೆ ರಸ್ತೆ ಮುಗಿಯಿತು. ಮುಂದಿನ ಕಡಲತೀರಕ್ಕೆ ಹೋಗಲು ಬಹಳ ಕಡೆ ಬಂದ ದಾರಿಯಲ್ಲೇ ವಾಪಸ್ ಹೋಗಿ ಇನ್ನೊಂದು ಕವಲು ಹಿಡಿಯಬೇಕು. ಜಾಂಬುಜೈರ ದೊ ಮಾರ್ ಹೀಗೆ, ಒಡೆಸೈಶ್ ಹೀಗೆ, ಅರ್ರಿಫಾನ ಹೀಗೆ. ಸಮುದ್ರವನ್ನು ನೋಡಬೇಕು ಎಂದು ನಿರ್ಧಾರ ಮಾಡಿದವರಿಗೆ ಮಾತ್ರ ಅದು ಸಿಗುತ್ತದೆ. ದಾರಿಹೋಕರಿಗೆ ಸಿಗುವುದಿಲ್ಲ.

ಈ ಕರಾವಳಿ ಇಷ್ಟು ಶಾಂತವಾಗಿ ಉಳಿದಿರುವುದು ಈ ಕಾರಣಕ್ಕೇ ಅಂತ ನನಗೆ ಈಗ ಅನಿಸುತ್ತದೆ. ರಸ್ತೆ ದೂರ ಇದೆ, ಅದಕ್ಕೇ ತೀರ ತೀರವಾಗಿಯೇ ಉಳಿದಿದೆ. ಆದರೆ ರಸ್ತೆಗೂ ಸಮುದ್ರಕ್ಕೂ ನಡುವೆ ಇರುವ ಆ ಜಾಗದಲ್ಲಿ ಏನಿದೆ, ಯಾರಿದ್ದಾರೆ ಎಂಬುದು ಬೇರೆಯೇ ಪ್ರಶ್ನೆ. ಅದೇ ನನ್ನನ್ನು ಜಾಸ್ತಿ ಕಾಡುತ್ತಿರುವುದು.

ರಸ್ತೆ ಯಾಕೆ ದೂರ ಹೋಯಿತು

ಮೊದಲ ಕಾರಣ ಹೆದರಿಕೆ. ಉತ್ತರ ಆಫ್ರಿಕಾದ ಕಡೆಯಿಂದ ಕಡಲ್ಗಳ್ಳರು ಬಂದು ಊರು ದೋಚಿ, ಜನರನ್ನು ಹಿಡಿದುಕೊಂಡು ಹೋಗುತ್ತಿದ್ದ ಕಾಲ ಇತ್ತು. ಮೀರಾ ನದಿ ಸಮುದ್ರ ಸೇರುವ ವಿಲಾ ನೋವಾ ದೆ ಮಿಲ್‌ಫೋಂತೆಶ್‌ನಲ್ಲಿ ಒಂದು ಸಣ್ಣ ಕೋಟೆ ಇದೆ. 1599ರಲ್ಲಿ ಅದನ್ನು ಕಟ್ಟಲು ಶುರು ಮಾಡಿದ್ದೇ ಈ ಕಳ್ಳರ ಕಾಟಕ್ಕೆ. ಪೆಸ್ಸೆಗೈರು ದ್ವೀಪದ ಎದುರು ಇರುವ ಕೋಟೆಯ ಕಥೆಯೂ ಅದೇ. ಹಾಗಾಗಿ ದೊಡ್ಡ ಊರುಗಳು ತೀರದಲ್ಲಿ ಬೆಳೆಯಲಿಲ್ಲ. ಸ್ಯಾಂತಿಯಾಗೊ ದೊ ಕಾಸೇಮ್ ಬೆಟ್ಟದ ಮೇಲಿದೆ. ಒಡೆಮೀರ ನದಿಯ ಮೇಲ್ಭಾಗದಲ್ಲಿದೆ. ಅಲ್ಜೆಜೂರ್ ಒಂದು ಗುಡ್ಡದ ಮಗ್ಗುಲಿಗೆ ಅಂಟಿಕೊಂಡಿದೆ, ಅದರ ನೆತ್ತಿಯ ಮೇಲೆ, ಹಿಂದೆ ಇಲ್ಲಿ ಆಳಿದ ಮೂರ್ ಎಂಬ ಮುಸ್ಲಿಂ ಜನರ ಕಾಲದ ಕೋಟೆ. ಆಮೇಲೆ ರಸ್ತೆ ಮಾಡಿದವರು ಈ ಊರುಗಳನ್ನು ಒಂದಕ್ಕೊಂದು ಜೋಡಿಸಿದರು. ಜನ ಎಲ್ಲಿದ್ದಾರೋ ಅಲ್ಲಿಗೆ ತಾನೇ ರಸ್ತೆ ಹೋಗುವುದು? ಕಳ್ಳರು ಹೋಗಿ ಶತಮಾನಗಳೇ ಆದವು. ಅವರಿಗೆ ಹೆದರಿ ಜನ ಆರಿಸಿಕೊಂಡ ಜಾಗಗಳು ಹಾಗೇ ಉಳಿದವು, ದಾರಿಯೂ ಹಾಗೇ ಉಳಿಯಿತು.

ಎರಡನೆಯದು ಗಾಳಿ. ಬೇಸಿಗೆಯಲ್ಲಿ ಇಲ್ಲಿ ಉತ್ತರದಿಂದ ಒಂದೇ ಸಮ ಬೀಸುವ ಗಾಳಿಗೆ ನೊರ್ತಾದಾ ಎನ್ನುತ್ತಾರೆ. ಅದು ಮೇಲಿನ ಬಿಸಿ ನೀರನ್ನು ತೀರದಿಂದ ಆಚೆ ತಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ಆ ನೀರಿನಲ್ಲಿ ಮೀನಿಗೆ ಬೇಕಾದ ಆಹಾರ ಬೇಕಾದಷ್ಟಿದೆ. ಆದರೆ ಸುಮ್ಮನೆ ಈಜೋಣ ಅಂತ ಇಳಿದವರ ಕಾಲು ಮರಗಟ್ಟುತ್ತದೆ. ಜುಲೈ, ಆಗಸ್ಟಿನಲ್ಲೂ ನೀರು ಬೆಚ್ಚಗಾಗುವುದಿಲ್ಲ. ರಜೆಗೆ ಬರುವ ಯುರೋಪಿನ ಜನ ಇದನ್ನು ಬಿಟ್ಟು ದಕ್ಷಿಣ ತೀರದ ಆಲ್ಗಾರ್ವೆಗೆ ಹೋದರು. ಅಲ್ಲಿ ನೀರು ಬೆಚ್ಚಗಿದೆ, ಗಾಳಿ ಕಡಿಮೆ. ಲಿಸ್ಬನ್‌ನಿಂದ ಆಲ್ಗಾರ್ವೆಗೆ ಹೋಗುವ ಎಕ್ಸ್‌ಪ್ರೆಸ್ ಹೆದ್ದಾರಿ ಒಳನಾಡಿನಲ್ಲೇ ಸಾಗುತ್ತದೆ. ಬೇಸಿಗೆಯ ಜನಜಾತ್ರೆಯೆಲ್ಲ ಆ ಮಾರ್ಗದಲ್ಲಿ ಹರಿದುಹೋಯಿತು. ಅಲ್ಲಿ ಸಾಲುಸಾಲು ಹೋಟೆಲ್‌ಗಳು ಎದ್ದವು. ಇಲ್ಲಿ ಏಳಲಿಲ್ಲ.

ಮೂರನೆಯದು ಕಾನೂನು. 1988ರಲ್ಲಿ ಈ ತೀರಕ್ಕೆ ಮೊದಲ ರಕ್ಷಣೆ ಸಿಕ್ಕಿತು. 1995ರಲ್ಲಿ ಅದು ನೈಸರ್ಗಿಕ ಉದ್ಯಾನ ಆಯಿತು. ಸೀನೆಶ್ ಪಟ್ಟಣದ ದಕ್ಷಿಣಕ್ಕಿರುವ ಸಾಂವ್ ತೊರ್ಪೆಶ್‌ನಿಂದ ಹಿಡಿದು, ದೇಶದ ನೈಋತ್ಯ ತುದಿಯಲ್ಲಿರುವ ಸಾಗ್ರೆಶ್‌ನ ಮೂಲೆ ಸುತ್ತಿ, ಬುರ್ಗಾವ್‌ವರೆಗೆ ನೂರು ಕಿಲೋಮೀಟರಿಗೂ ಉದ್ದದ ತೀರ. ಅಂಚಿನಲ್ಲಿ ಹೊಸದಾಗಿ ಏನನ್ನಾದರೂ ಕಟ್ಟುವುದು ಇಲ್ಲಿ ಸುಲಭವಿಲ್ಲ. ನಮ್ಮಲ್ಲೂ 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಬಂತು. ನಂತರ ಅದನ್ನು ಎಷ್ಟು ಸಲ ತಿದ್ದಿದರು, ಎಷ್ಟು ಸಡಿಲ ಮಾಡಿದರು ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ ಅಲ್ವಾ? ಮರವಂತೆಯಲ್ಲಿ ಸಮುದ್ರಕ್ಕೂ ಹೆದ್ದಾರಿಗೂ ನಡುವೆ ಕಲ್ಲು ಪೇರಿಸಿದ್ದು, ಮಳೆಗಾಲದಲ್ಲಿ ಅಲೆ ಆ ಕಲ್ಲನ್ನೂ ಎಳೆದುಕೊಂಡು ಹೋಗಿದ್ದು ಎಲ್ಲ ಅಮ್ಮನ ಕಣ್ಣೆದುರೇ ನಡೆದದ್ದು. ಅಂತಹ ರಸ್ತೆ ಕಣ್ಣಿಗೆ ಹಬ್ಬ ನಿಜ. ಅದನ್ನು ಉಳಿಸಿಕೊಳ್ಳಲು ಪ್ರತಿ ವರ್ಷ ಸಮುದ್ರದ ಜೊತೆ ಜಗಳ ಆಡಬೇಕು.

ಸೀನೆಶ್ ಬಗ್ಗೆಯೂ ಒಂದು ಮಾತು ಹೇಳಬೇಕು. ವಾಸ್ಕೋ ಡ ಗಾಮ ಹುಟ್ಟಿದ ಊರು ಅದು. ಕೋಟೆಯ ಪಕ್ಕದಲ್ಲಿ ಅವನ ಪ್ರತಿಮೆ ಸಮುದ್ರದ ಕಡೆ ಮುಖ ಮಾಡಿ ನಿಂತಿದೆ. ಅವನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದಿದ್ದ ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಅಮ್ಮ ಪ್ರತಿಮೆಯನ್ನು ಮೇಲಿಂದ ಕೆಳಗೆ ನೋಡಿ "ಇವನೇಯಾ?" ಎಂದು ಕೇಳಿ ಮುಂದೆ ಹೋದರು. ನನಗೆ ಸೀನೆಶ್‌ನಲ್ಲಿ ಮುಖ್ಯ ಅನಿಸಿದ್ದು ಬಂದರು. 1970ರ ದಶಕದಲ್ಲಿ ಪೋರ್ಚುಗಲ್ ತನ್ನ ದೊಡ್ಡ ಕೈಗಾರಿಕೆಗಳಿಗೆ ಈ ಊರನ್ನು ಆರಿಸಿಕೊಂಡಿತು. ಆಳ ಸಮುದ್ರದ ಬಂದರು ಬಂತು, ತೈಲ ಸಂಸ್ಕರಣಾಗಾರ ಬಂತು, ಕಲ್ಲಿದ್ದಲು ವಿದ್ಯುತ್ ಸ್ಥಾವರ ಬಂತು. ಆ ಸ್ಥಾವರ 2021ರ ಜನವರಿಯಲ್ಲಿ ಮುಚ್ಚಿತು. ಉದ್ಯಾನದ ಉತ್ತರದ ಗಡಿಯಲ್ಲಿ ನಿಂತರೆ ಒಂದು ಕಡೆ ಚಿಮಣಿಗಳು, ಇನ್ನೊಂದು ಕಡೆ ಖಾಲಿ ಮರಳು. ದಕ್ಷಿಣದ ಶಾಂತಿಯ ಲೆಕ್ಕದಲ್ಲಿ ಈ ಚಿಮಣಿಗಳನ್ನೂ ಸೇರಿಸಬೇಕು. ದೇಶಕ್ಕೆ ಬೇಕಾದ ಹೊಗೆಯನ್ನೆಲ್ಲ ಒಂದು ಊರು ಹೊತ್ತುಕೊಂಡಿತು.

ಬಂಡೆಯ ಮೇಲೆ ಕೊಕ್ಕರೆ ಸಂಸಾರ

ಕಾಬು ಸರ್ದಾಂವ್ ಎಂಬ ಭೂಶಿರಕ್ಕೆ ನಾವು ಹೋದದ್ದು ಮೇ ತಿಂಗಳಲ್ಲಿ. 1915ರಿಂದ ಬೆಳಗುತ್ತಿರುವ ಒಂದು ದೀಪಸ್ತಂಭ, ಅದರ ಹತ್ತಿರ ಹಳ್ಳಿಯವರ ಫುಟ್‌ಬಾಲ್ ಮೈದಾನ. ಅಲ್ಲಿ ಕಾರು ನಿಲ್ಲಿಸಿ ಅಂಚಿನ ಕಡೆ ನಡೆದೆವು. ಕಾಲುದಾರಿ ಮರಳಿನದು. ಎರಡೂ ಬದಿಗೆ ಮೊಣಕಾಲೆತ್ತರದ ಕುರುಚಲು ಗಿಡ. ಎಸ್ತೇವಾ ಎಂಬ ಗಿಡದ ಎಲೆ ಮುಟ್ಟಿದರೆ ಬೆರಳಿಗೆ ಅಂಟು ಮೆತ್ತಿಕೊಳ್ಳುತ್ತದೆ, ಅದರ ಪರಿಮಳ ಸಂಜೆಯವರೆಗೂ ಹೋಗುವುದಿಲ್ಲ. ಹೂವು ಬಿಳಿ, ಅಂಗೈ ಅಗಲ, ಸುಕ್ಕಿದ ತೆಳು ಎಸಳು. ಅಮ್ಮ ಒಂದು ಎಲೆ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡರು. ಉದ್ಯಾನದಲ್ಲಿ ಗಿಡ ಕೀಳಬಾರದು ಎಂದು ಹೆಂಡತಿ ಹೇಳಿದಳು. "ಒಂದು ಎಲೆ ಹೆಣ್ಣೇ" ಎಂದರು ಅಮ್ಮ.

ಅಂಚಿಗೆ ಬಂದು ಕೆಳಗೆ ನೋಡಿದರೆ ಸಮುದ್ರದೊಳಗೆ ಕಂಬದ ಹಾಗೆ ಎದ್ದು ನಿಂತ ಒಂದು ಬಂಡೆ. ತಲೆಯ ಮೇಲೆ ಕಡ್ಡಿಗಳ ದೊಡ್ಡ ಗೂಡು. ಗೂಡಿನಲ್ಲಿ ಮೂರು ಮರಿಗಳು, ಮರಿ ಎಂದು ಕರೆಯಲು ಆಗದಷ್ಟು ಬೆಳೆದವು. ಅವುಗಳ ಕೊಕ್ಕು ಇನ್ನೂ ಕಪ್ಪು. ತಾಯಿಯೋ ತಂದೆಯೋ, ಕೆಂಪು ಕೊಕ್ಕಿನ ಬಿಳಿ ಕೊಕ್ಕರೆ ಒಂದು ಕಾಲಿನ ಮೇಲೆ ಗಾಳಿಗೆ ಎದುರಾಗಿ ನಿಂತಿತ್ತು. ರೆಕ್ಕೆಯ ಕಪ್ಪು ಗರಿಗಳು ಗಾಳಿಗೆ ಎದ್ದು ಎದ್ದು ಬೀಳುತ್ತಿದ್ದವು. ಕೆಳಗೆ ಬಹಳ ಆಳದಲ್ಲಿ ಅಲೆ ಬಂಡೆಯ ಬುಡಕ್ಕೆ ಬಡಿದು ನೊರೆ ಮೇಲಕ್ಕೆ ಚಿಮ್ಮುತ್ತಿತ್ತು. ಜೋಡಿ ಹಕ್ಕಿ ಹಾರಿ ಬಂದು ಇಳಿದಾಗ ಎರಡೂ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ, ತಲೆ ಬೆನ್ನಿಗೆ ತಾಗುವಷ್ಟು ಬಾಗಿಸಿ, ಕೊಕ್ಕು ಕಟಕಟ ಬಡಿದವು. ಈ ಹಕ್ಕಿಗೆ ಕೂಗುವ ಕಂಠ ಇಲ್ಲ. ಮಾತೆಲ್ಲ ಕೊಕ್ಕಿನಲ್ಲೇ. ಅಷ್ಟು ಗಾಳಿಯಲ್ಲೂ ಆ ಸದ್ದು ನಮಗೆ ಸ್ಪಷ್ಟವಾಗಿ ಕೇಳಿತು.

ಬಿಳಿ ಕೊಕ್ಕರೆ ಯುರೋಪಿನಲ್ಲಿ ಚಿಮಣಿ ಮೇಲೆ, ಚರ್ಚಿನ ಗೋಪುರದ ಮೇಲೆ, ಕರೆಂಟ್ ಕಂಬದ ಮೇಲೆ ಗೂಡು ಕಟ್ಟುತ್ತದೆ. ಸಮುದ್ರದ ಬಂಡೆಯ ಮೇಲೆ ಕಟ್ಟುವುದು ಈ ತೀರದಲ್ಲಿ ಮಾತ್ರ ಎಂದು ಅಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ನರಿ ಹತ್ತಲಾರದು, ಮನುಷ್ಯ ಇಳಿಯಲಾರ. ಊಟಕ್ಕೆ ಮಾತ್ರ ಅವು ಸಮುದ್ರದ ಕಡೆ ನೋಡುವುದಿಲ್ಲ. ಒಳಗಿನ ಹೊಲಗದ್ದೆಗೆ ಹಾರಿಹೋಗಿ ಕಪ್ಪೆ, ಮಿಡತೆ ತರುತ್ತವೆ. ಅದು ನನ್ನ ಗಮನಕ್ಕೆ ಬಂದಿದ್ದು ಅಲ್ಲಿ ನಿಂತಾಗಲೇ. ಹಾರಿದ ಹಕ್ಕಿ ಪೂರ್ವಕ್ಕೆ ಹೋಯಿತು. ಅದು ಹೋದ ಕಡೆ ತಿರುಗಿ ನೋಡಿದೆ. ಬಿಸಿಲಿಗೆ ಏನೋ ಬೆಳ್ಳಗೆ, ಉದ್ದಕ್ಕೆ ಹೊಳೆಯುತ್ತಿತ್ತು. ಕೆರೆ ಇರಬೇಕು ಅಂದುಕೊಂಡೆವು. ಪ್ಲಾಸ್ಟಿಕ್.

ನಡುವಿನ ಜಾಗ

ಒಡೆಮೀರ ತಾಲ್ಲೂಕು ಎನ್ನಬಹುದಾದ ಆಡಳಿತ ಭಾಗ ಪೋರ್ಚುಗಲ್‌ನಲ್ಲೇ ವಿಸ್ತಾರದಲ್ಲಿ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಮೀರಾ ನದಿಗೆ ಸಾಂತಾ ಕ್ಲಾರಾ ಎಂಬಲ್ಲಿ ಅಣೆಕಟ್ಟು ಇದೆ, 1960ರ ದಶಕದಲ್ಲಿ ಕಟ್ಟಿದ್ದು. ಕಾಲುವೆಯ ನೀರು ಬರುವುದು ಸಮುದ್ರದ ಅಂಚಿನಲ್ಲಿರುವ ಸಮತಟ್ಟಾದ ಮರಳು ನೆಲಕ್ಕೆ. ಹವೆ ಹಿತವಾದದ್ದು, ಚಳಿಗಾಲದಲ್ಲೂ ಇಬ್ಬನಿ ಹೆಪ್ಪುಗಟ್ಟುವುದು ಅಪರೂಪ. ರಾಸ್‌ಬೆರಿ ಎಂಬ ಸಣ್ಣ ಕೆಂಪು ಹಣ್ಣಿಗೆ ಹೇಳಿ ಮಾಡಿಸಿದ ಜಾಗ. ನೀರಾವರಿ ಮೊದಲು ಬಂತು, ಉದ್ಯಾನ ಆಮೇಲೆ ಬಂತು. ಎರಡೂ ಒಂದೇ ನೆಲದ ಮೇಲೆ ಕೂತಿವೆ. ಹೀಗಾಗಿ ಕಾಯ್ದಿಟ್ಟ ಉದ್ಯಾನದ ಒಳಗೇ ಪ್ಲಾಸ್ಟಿಕ್ ಹೊದಿಸಿದ ಸುರಂಗಗಳು ಸಾಲಾಗಿ ನಿಂತಿವೆ. ಮುಖ್ಯ ರಸ್ತೆಯಿಂದ ಸಮುದ್ರ ಕಾಣದ ಹಾಗೆ ಇವೂ ಅಷ್ಟಾಗಿ ಕಾಣುವುದಿಲ್ಲ. ಮೀನುಗಾರರ ಹಳೆಯ ಕಾಲುದಾರಿಯಲ್ಲಿ ಅಂಚಿನುದ್ದಕ್ಕೂ ನಡೆಯುವ ಪ್ರವಾಸಿಗರು ಸಾವಿರಾರು ಜನ ಬರುತ್ತಾರೆ. ಅವರ ಮುಖ ಸಮುದ್ರದ ಕಡೆ ಇರುತ್ತದೆ.

ಸಂಜೆ ಸಾಂವ್ ತೆಯೊತೊನಿಯು ಎಂಬ ಊರಿನಲ್ಲಿ ನಿಂತೆವು. ಅಮ್ಮನಿಗೆ ಮೊಸರು ಬೇಕಿತ್ತು. ಚರ್ಚು ಇರುವ ಏರು ಬೀದಿ, ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಅಜ್ಜಂದಿರು. ಅದೇ ಬೀದಿಯಲ್ಲಿ ಒಂದು ದಿನಸಿ ಅಂಗಡಿ. ಒಳಗೆ ಹೋದರೆ ತೊಗರಿ ಬೇಳೆ, ಆಟಾ ಹಿಟ್ಟಿನ ಚೀಲ, ಮೆಂತ್ಯ, ಸಾಸಿವೆ ಎಣ್ಣೆ, ನೇಪಾಳದ ನೂಡಲ್ಸ್. ಅಮ್ಮ ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಹಸಿಮೆಣಸಿನ ಪೆಟ್ಟಿಗೆಗೆ ಕೈ ಹಾಕಿದರು.

ಸರದಿಯಲ್ಲಿ ನಮ್ಮ ಮುಂದೆ ಒಬ್ಬ ಹುಡುಗ. ಹುಡುಗ ಅಂದರೆ ಮೂವತ್ತರ ಆಸುಪಾಸು. ಬೂಟಿಗೆ ಮರಳು ಮೆತ್ತಿತ್ತು. ಅಮ್ಮನ ಸೀರೆ ನೋಡಿ ಕೈ ಮುಗಿದ. "ಮಾತಾಜಿ, ಎಲ್ಲಿಂದ?" ಎಂದು ಹಿಂದಿಯಲ್ಲಿ ಕೇಳಿದ. ಅಮ್ಮ ಮದುವೆಯಾದ ಮೇಲೆ ತುಂಬ ವರ್ಷ ಮುಂಬಯಿಯಲ್ಲಿ ಇದ್ದವರು. ಅವರ ಮುಂಬಯಿ ಹಿಂದಿ ಮತ್ತೆ ಹೊರಗೆ ಬಂತು. ಅವನು ಪಂಜಾಬಿನವನು, ಹೋಶಿಯಾರ್‌ಪುರದ ಕಡೆಯವನು. ರಾಸ್‌ಬೆರಿ ಕೀಳುವ ಕೆಲಸ. ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಅಮ್ಮನೂ ಅವನೂ ಕೂತರು. ನಾವು ಎದುರು ನಿಂತೆವು.

ಅಮ್ಮ ಮೊದಲು ಕೇಳಿದ್ದು ಊಟದ ವಿಷಯ. ಅಡುಗೆ ಯಾರು ಮಾಡುತ್ತಾರೆ? ಸರದಿ ಪ್ರಕಾರ ಎಂದ. ಒಂದು ಮನೆಯಲ್ಲಿ ಎಷ್ಟು ಜನ? ಅವನು ಸ್ವಲ್ಪ ನಿಂತು ಹೇಳಿದ, ಈಗ ಎಂಟು, ಮೊದಲು ಇದಕ್ಕಿಂತ ಜಾಸ್ತಿ ಇದ್ದೆವು. ಬಚ್ಚಲು ಒಂದೇ. ಬೆಳಿಗ್ಗೆ ಬೇಗ ಎದ್ದವನಿಗೆ ಬಿಸಿನೀರು.

ಆಮೇಲೆ ಕೆಲಸ ಹೇಗೆ ಎಂದು ನಾನು ಕೇಳಿದೆ. ಕೈ ಮುಂದೆ ಮಾಡಿ ತೋರಿಸಿದ. ಹೆಬ್ಬೆರಳು, ಎರಡು ಬೆರಳು. ಹಣ್ಣನ್ನು ಹಿಸುಕಬಾರದು, ಸುಮ್ಮನೆ ಎಳೆಯಬೇಕು. ಹಣ್ಣಾಗಿದ್ದರೆ ತೊಟ್ಟಿನ ಮೇಲಿನ ಬಿಳಿ ದಿಂಡು ಗಿಡದಲ್ಲೇ ಉಳಿದು ಹಣ್ಣು ಟೊಪ್ಪಿಯ ಹಾಗೆ ಕಳಚಿ ಬರುತ್ತದೆ. ಬರದಿದ್ದರೆ ಬಿಡಬೇಕು, ನಾಳೆಗೆ. ಕಿತ್ತ ಹಣ್ಣು ನೇರ ಅಂಗಡಿಗೆ ಹೋಗುವ ಡಬ್ಬಿಗೇ ಬೀಳುತ್ತದೆ. ಇನ್ನೊಬ್ಬರು ಮುಟ್ಟುವುದಿಲ್ಲ, ಮುಟ್ಟಿದರೆ ಹಣ್ಣು ಹಾಳು. ಪ್ಲಾಸ್ಟಿಕ್ಕಿನ ಒಳಗೆ ಸೆಕೆ ಹೇಗೆ ಎಂದರೆ, ಮಧ್ಯಾಹ್ನ ತಲೆ ತಿರುಗುತ್ತದೆ ಎಂದ. ಫೋನಿನಲ್ಲಿ ಫೋಟೋ ತೋರಿಸಿದ. ಎತ್ತರದ ಗಿಡಗಳು ನೆಲದಲ್ಲಿ ಇಲ್ಲ, ಸಾಲಾಗಿ ಇಟ್ಟ ಕುಂಡಗಳಲ್ಲಿ ಇವೆ. ಕುಂಡದಲ್ಲಿ ತುಂಬಿರುವುದು ಮಣ್ಣಲ್ಲ. ಅಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇದು ತೆಂಗಿನ ನಾರಿನ ಹುಡಿಯಲ್ದಾ?" ಹೌದು, ಅದೇ. ಭಾರತದಿಂದ, ಶ್ರೀಲಂಕಾದಿಂದ ಇಟ್ಟಿಗೆಯ ಹಾಗೆ ಒತ್ತಿ ಹಡಗಿನಲ್ಲಿ ಪ್ರಪಂಚಕ್ಕೆಲ್ಲ ಹೋಗುವ ನಾರಿನ ಹುಡಿ. ಹುಡುಗನಿಗೆ ಅದು ತೆಂಗಿನದು ಎಂದು ಗೊತ್ತಿರಲಿಲ್ಲ. ಅವನ ಊರಲ್ಲಿ ತೆಂಗು ಇಲ್ಲ.

ಐಂಡ್‌ಹೋವನ್‌ನ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ರಾಸ್‌ಬೆರಿ ಡಬ್ಬಿಯ ಮೇಲೆ "ಪೋರ್ಚುಗಲ್" ಎಂದು ಬರೆದಿರುತ್ತದೆ. ಮಗಳಿಗೆ ಇಷ್ಟ ಎಂದು ವಾರವಾರ ತರುತ್ತೇವೆ. ಆ ಹಣ್ಣನ್ನು ನಮಗಿಂತ ಮುಂಚೆ ಮುಟ್ಟಿದ್ದು ಒಬ್ಬರೇ. ಅದು ಇಂಥ ಒಬ್ಬ ಹುಡುಗನ ಮೂರು ಬೆರಳು. ಈ ವಿಷಯ ಕೇಳಿದಾಗ ನನಗೆ ಆದದ್ದನ್ನು ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ. ದೂರದ ಸುದ್ದಿ ಅಂದುಕೊಂಡಿದ್ದು ನಮ್ಮ ಫ್ರಿಜ್ಜಿನಲ್ಲೇ ಇತ್ತು.

ಇಲ್ಲಿನ ಕೆಲಸಗಾರರ ವಿಷಯ ಯುರೋಪಿಗೆಲ್ಲ ಗೊತ್ತಾಗಿದ್ದು 2021ರಲ್ಲಿ. ಕೋವಿಡ್ ಜಾಸ್ತಿಯಾಯಿತು ಎಂದು ಏಪ್ರಿಲ್ ಕೊನೆಯಲ್ಲಿ ಸರ್ಕಾರ ಸಾಂವ್ ತೆಯೊತೊನಿಯು ಮತ್ತು ಲೊಂಗೈರ-ಅಲ್ಮೊಗ್ರಾವೆ ಎಂಬ ಎರಡು ಭಾಗಗಳಿಗೆ ದಿಗ್ಬಂಧನ ಹಾಕಿತು. ಟಿವಿ ಕ್ಯಾಮೆರಾಗಳು ಬಂದವು. ಒಂದೇ ಕೋಣೆಯಲ್ಲಿ ಸಾಲು ಮಂಚಗಳು, ಗೋಡೆಯ ತುಂಬ ಬೂಷ್ಟು. ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಥಾಯ್ಲೆಂಡ್‌ನ ಜನ. ಸೋಂಕು ಹರಡದೆ ಇನ್ನೇನಾಗುತ್ತದೆ? ಹತ್ತಿರದ ಒಂದು ರೆಸಾರ್ಟ್ ಅನ್ನು ಸರ್ಕಾರವೇ ವಶಕ್ಕೆ ತೆಗೆದುಕೊಂಡು ಕೆಲವರನ್ನು ಅಲ್ಲಿಗೆ ಕಳಿಸಿತು. ಅಲ್ಲಿ ಮನೆ ಕೊಂಡಿದ್ದವರು ವಿರೋಧ ಮಾಡಿದರು. ಅದಕ್ಕೂ ಮುಂಚೆ, 2019ರಲ್ಲಿ, ಜಮೀನಿನಲ್ಲೇ ಕಂಟೇನರ್ ಇಟ್ಟು ಕೆಲಸಗಾರರನ್ನು ಇರಿಸಬಹುದು, ಹತ್ತು ವರ್ಷದ ಮಟ್ಟಿಗೆ, ಎಂದು ಸರ್ಕಾರ ಅನುಮತಿ ಕೊಟ್ಟಿತ್ತು. ಉದ್ಯಾನದಲ್ಲಿ ಮನೆ ಕಟ್ಟುವುದು ಕಷ್ಟ. ಊರಲ್ಲಿ ಖಾಲಿ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆ ದುಡ್ಡು ಜಾಸ್ತಿ. ಹಾಗಾದರೆ ಹಣ್ಣು ಕೀಳುವವರು ಮಲಗುವುದು ಎಲ್ಲಿ? ತೀರವನ್ನು ಉಳಿಸಿದ ಕಾನೂನನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದು ಇಲ್ಲದಿದ್ದರೆ ಆ ಕೊಕ್ಕರೆ ಗೂಡಿನ ಎದುರು ಇವತ್ತು ಹೋಟೆಲ್ ಇರುತ್ತಿತ್ತು. ಆದರೆ ನೆಲದ ಒಂದೊಂದು ಗಿಡಕ್ಕೂ ಜಾಗ ಗುರುತಿಸಿದ ಯೋಜನೆಯಲ್ಲಿ ಸಾವಿರಾರು ಜನರಿಗೆ ಒಂದು ಸರಿಯಾದ ಸೂರು ಗುರುತಿಸದೆ ಹೋದದ್ದು ನನಗೆ ದೊಡ್ಡ ಅನ್ಯಾಯವಾಗಿಯೇ ಕಾಣುತ್ತದೆ. ಶಾಂತ ಕರಾವಳಿ ಎಂದು ನಾವು ಬರೆಯುವಾಗ, ಫೋಟೋ ಹಾಕುವಾಗ, ಇವರನ್ನು ಚೌಕಟ್ಟಿನಿಂದ ಆಚೆ ಇಟ್ಟೇ ಬರೆಯುತ್ತೇವೆ.

ನೀರಿನ ಜಗಳವೂ ಇದೆ. ಸಾಂತಾ ಕ್ಲಾರಾ ಜಲಾಶಯ ಬರಗಾಲದಲ್ಲಿ ತುಂಬ ಕೆಳಗೆ ಇಳಿದಿತ್ತು. ಹಳೆಯ ಸಣ್ಣ ರೈತರು ಒಂದು ಕಡೆ, ದೊಡ್ಡ ಬೆರಿ ಕಂಪನಿಗಳು ಇನ್ನೊಂದು ಕಡೆ. ಕಾಲುವೆಯ ಕೊನೆಯಲ್ಲಿ ಇರುವವನಿಗೆ ನೀರು ಬರುವುದಿಲ್ಲ ಎಂಬ ಮಾತನ್ನು ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ.

ಒಂಬತ್ತು ವರ್ಷ ಕಾಯುವ ಮರ

ಇಷ್ಟರ ನಡುವೆ ಕಾರ್ಕ್ ಮರದ ಬಗ್ಗೆ ಹೇಳದೆ ಹೋದರೆ ಆ ರಸ್ತೆಗೆ ಮೋಸ ಮಾಡಿದಂತೆ. ಪ್ರಪಂಚದ ಕಾರ್ಕ್‌ನಲ್ಲಿ ಸುಮಾರು ಅರ್ಧ ಪೋರ್ಚುಗಲ್‌ನದು. ಮರ ಕಡಿಯುವುದಿಲ್ಲ, ತೊಗಟೆ ಮಾತ್ರ ಸುಲಿಯುತ್ತಾರೆ. ನೆಟ್ಟ ಮರ ಮೊದಲ ಸುಲಿತಕ್ಕೆ ಬರಲು ಇಪ್ಪತ್ತೈದು ವರ್ಷ ಬೇಕು. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಬಿಳಿ ಬಣ್ಣದಲ್ಲಿ ಕಾಂಡದ ಮೇಲೆ ಬರೆಯುತ್ತಾರೆ. ಸುಲಿದ ಭಾಗ ಮೊದಲು ಕೇಸರಿ, ಆಮೇಲೆ ಕೆಂಗಂದು, ಆಮೇಲೆ ಕಪ್ಪು. ರಸ್ತೆಯಂಚಿನ ಮರಗಳ ಅಂಕಿ ಓದುತ್ತಾ ಹೋಗುವುದು ಅಮ್ಮನಿಗೆ ಒಂದು ಆಟವೇ ಆಯಿತು. ಕೊಡಲಿಯಿಂದ ತೊಗಟೆ ಬಿಡಿಸುವುದು ನುರಿತ ಕೈಯ ಕೆಲಸ. ಏಟು ಸ್ವಲ್ಪ ಆಳಕ್ಕೆ ಹೋದರೆ ಮರಕ್ಕೆ ಗಾಯ, ಆ ಜಾಗದಲ್ಲಿ ಮತ್ತೆ ಒಳ್ಳೆಯ ಕಾರ್ಕ್ ಬರುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಹೊಲದ ಉಳಿದ ಕೆಲಸಕ್ಕಿಂತ ಒಳ್ಳೆಯ ಕೂಲಿ. ಕೈಯ ಕುಶಲತೆಗೆ ಬೆಲೆ ಕಟ್ಟುವುದು ಈ ನಾಡಿಗೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ರಾಸ್‌ಬೆರಿ ಕೀಳುವ ಬೆರಳಿಗೂ ಅದೇ ಮರ್ಯಾದೆ ಯಾಕೆ ಸಿಗಬಾರದು?

ಊಟದ ವಿಷಯದಲ್ಲಿ ಅಮ್ಮ ಪೂರ್ತಿ ಖುಷಿಯಾಗಿದ್ದರು. ಅಲೆಂತೆಜು ಸೀಮೆಯವರ ಅಸೋರ್ಡ ಎಂಬ ಅಡುಗೆ ಇದೆ. ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ ಸೊಪ್ಪು ಜಜ್ಜಿ, ಆಲಿವ್ ಎಣ್ಣೆ ಹಾಕಿ, ಕುದಿಯುವ ನೀರು ಸುರಿದು, ಹಿಂದಿನ ದಿನದ ಬ್ರೆಡ್ಡಿನ ತುಂಡು ಮುಳುಗಿಸುತ್ತಾರೆ. ಮೇಲೆ ಮೊಟ್ಟೆ ಬೇಕಾದವರಿಗೆ ಮೊಟ್ಟೆ. ಬಡವರ ಮನೆಯ ಅಡುಗೆ. ಯುರೋಪಿನಲ್ಲಿ ಇಷ್ಟು ಕೈಬಿಚ್ಚಿ ಹಸಿ ಕೊತ್ತಂಬರಿ ಹಾಕುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಅಲ್ಜೆಜೂರ್‌ನ ಗೆಣಸು ಇನ್ನೂ ರುಚಿ. ಸಿಪ್ಪೆ ಕೆಂಪು, ಒಳಗೆ ಹಳದಿ, ಸುಟ್ಟರೆ ಅಂಚಿನಲ್ಲಿ ಪಾಕ ಒಸರುತ್ತದೆ.

ರಾತ್ರಿ ಶಾಲೆ

ಅಲ್ಜೆಜೂರ್ ದಾಟಿ ಕರ್ರಪತೈರ ಕಡೆ ಹೋಗುವ ಎನ್268 ರಸ್ತೆಯಲ್ಲಿ ಅಮ್ಮ ತಾವಾಗಿಯೇ ಮಾತು ಶುರು ಮಾಡಿದರು. ಆ ಹುಡುಗನ ವಿಷಯ ಹೇಳುತ್ತಾರೆ ಅಂದುಕೊಂಡೆ. ಅಪ್ಪನ ವಿಷಯ ಹೇಳಿದರು.

ಅಪ್ಪ ಹದಿಮೂರನೇ ವಯಸ್ಸಿಗೆ ಕುಂದಾಪುರ ಬಿಟ್ಟು ಮುಂಬಯಿಗೆ ಹೋದವರು ಎಂದು ನನಗೆ ಗೊತ್ತಿತ್ತು. ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡಿದ್ದು ಗೊತ್ತಿತ್ತು. ಎಲ್ಲಿ ಮಲಗುತ್ತಿದ್ದರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಹೋಟೆಲ್ ಮುಚ್ಚಿ, ನೆಲ ತೊಳೆದು, ಅದು ಒಣಗುವವರೆಗೆ ಹೊರಗೆ ಕೂತಿದ್ದು, ಆಮೇಲೆ ಟೇಬಲ್ ಜೋಡಿಸಿ ಅದರ ಮೇಲೆ ಮಲಗುತ್ತಿದ್ದರಂತೆ. ಹಿಟ್ಟು ರುಬ್ಬುವವರು ಬೆಳಗಿನ ಜಾವ ಬಂದರೆ ಎದ್ದು ಜಾಗ ಬಿಡಬೇಕು. ಟ್ರಂಕು ಇಡಲು ಅಟ್ಟದ ಮೇಲೆ ಒಂದು ಮೂಲೆ. ಹತ್ತು ಹದಿನೈದು ಹುಡುಗರು, ಎಲ್ಲರೂ ಊರ ಕಡೆಯವರೇ. ಊರಿಗೆ ಬರೆದ ಕಾಗದದಲ್ಲಿ ಇದೊಂದನ್ನೂ ಬರೆಯುತ್ತಿರಲಿಲ್ಲ. "ಅವ್ರ್ ಹೇಳದ್ದಕ್ಕೇ ನಾನೂ ನಿಂಗೆ ಹೇಳಲಿಲ್ಲ" ಎಂದರು.

ಹೆಂಡತಿ ರಸ್ತೆಯ ಬದಿಗೆ ಕಾರು ನಿಲ್ಲಿಸಿದಳು. ಬೊರ್ದೈರ ಕಡಲತೀರಕ್ಕೆ ಹೋಗುವ ಕವಲು ಎದುರಿಗೇ ಇತ್ತು. ಯಾರೂ ಇಳಿಯಲಿಲ್ಲ. ಅಮ್ಮನಿಗೆ ಇನ್ನೂ ಹೇಳುವುದಿತ್ತು.

ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು. ಹೋಟೆಲ್ ಹುಡುಗರಿಗೆ ಅಂತಲೇ ಊರ ಕಡೆಯ ಸಂಘಗಳು ನಡೆಸುತ್ತಿದ್ದವು. ಅಪ್ಪ ಸೇರಿದ್ದು ಅಲ್ಲಿನ ಫೋರ್ಟ್ ಎಂಬ ಬಡಾವಣೆಯ ಒಂದು ಶಾಲೆಗೆ. ಸಂಜೆಯ ಜನ ಕಡಿಮೆಯಾದ ಮೇಲೆ ಮಾಲೀಕರು ಬಿಟ್ಟರೆ ಕ್ಲಾಸು, ಬಿಡದಿದ್ದರೆ ಇಲ್ಲ. ಎಸ್ಸೆಸ್ಸಿ ಪಾಸಾಗಲು ಜೊತೆಯವರಿಗಿಂತ ಜಾಸ್ತಿ ವರ್ಷ ಹಿಡಿಯಿತು. ಆ ಸರ್ಟಿಫಿಕೇಟಿನಿಂದಲೇ ಬ್ಯಾಂಕಿನಲ್ಲಿ ಜವಾನನ ಕೆಲಸ ಸಿಕ್ಕಿತು, ಆಮೇಲೆ ಗುಮಾಸ್ತೆ. ನಾನು ಓದಿದ್ದು, ಇಲ್ಲಿಗೆ ಬಂದದ್ದು ಎಲ್ಲ ಅದರಿಂದಲೇ.

ಅಮ್ಮ ಇದನ್ನು ಹೇಳಿದ್ದಕ್ಕೆ ಕಾರಣ ಇತ್ತು. ನಾನು ಅಂಗಡಿಯೊಳಗೆ ಮೊಸರಿಗೆ ದುಡ್ಡು ಕೊಡಲು ಹೋದಾಗ ಆ ಹುಡುಗ ಅವರಿಗೆ ಇನ್ನೊಂದು ವಿಷಯ ಹೇಳಿದ್ದನಂತೆ. ಕೆಲಸ ಮುಗಿಸಿ ವಾರದಲ್ಲಿ ಕೆಲವು ಸಂಜೆ ಪೋರ್ಚುಗೀಸ್ ಕಲಿಯಲು ಹೋಗುತ್ತಾನೆ. ಈ ದೇಶದ ಪೌರತ್ವ ಬೇಕಾದರೆ ಭಾಷೆಯ ಎ2 ಮಟ್ಟದ, ಅಂದರೆ ದಿನನಿತ್ಯದ ಸರಳ ಮಾತಿನ ಮಟ್ಟದ, ಪರೀಕ್ಷೆ ಪಾಸಾಗಬೇಕು. ಅವನು ಬಂದಾಗ ದಾರಿ ಬೇರೆ ಇತ್ತು. ಬಂದು, ಕೆಲಸ ಹಿಡಿದು, ಸಾಮಾಜಿಕ ಭದ್ರತೆಗೆ ಕಂತು ಕಟ್ಟುತ್ತಿದ್ದರೆ ಇಲ್ಲಿಂದಲೇ ವಾಸದ ಪರವಾನಗಿಗೆ ಅರ್ಜಿ ಹಾಕಬಹುದಿತ್ತು. 2024ರ ಜೂನ್‌ನಲ್ಲಿ ಸರ್ಕಾರ ಆ ದಾರಿ ಮುಚ್ಚಿತು. ಅವನ ಅರ್ಜಿ ಅದಕ್ಕೆ ಮುಂಚಿನದು. ಜೊತೆಯಲ್ಲಿರುವ ತಮ್ಮನಿಗೆ ಆ ಅವಕಾಶವೂ ಇಲ್ಲ. ಕ್ಲಾಸಿನಲ್ಲಿ ಕ್ರಿಯಾಪದಗಳು ಕಷ್ಟ ಎಂದು ಹೇಳಿದನಂತೆ. ಕೆಲಸದಲ್ಲಿ ಪೋರ್ಚುಗೀಸ್ ಮಾತಾಡುವವರು ಯಾರೂ ಇಲ್ಲ, ಕಲಿತದ್ದು ಬಾಯಿಗೆ ಬರುವುದಿಲ್ಲ ಎಂದೂ ಹೇಳಿದನಂತೆ. ಅಜ್ಜಂದಿರ ಜೊತೆ ಬೀದಿಯಲ್ಲಿ ಕೂತು ಮಾತಾಡು ಎಂದು ಅಮ್ಮ ಸಲಹೆ ಕೊಟ್ಟಿದ್ದಾರೆ. ಮುಂಬಯಿಯಲ್ಲಿ ತಾವು ಮರಾಠಿ ಕಲಿತದ್ದು ತರಕಾರಿ ಮಾರುವವಳ ಹತ್ತಿರ ಚೌಕಾಸಿ ಮಾಡಿ ಎಂದೂ ಹೇಳಿದ್ದಾರೆ. ಅವನ ನಂಬರು ಅಮ್ಮನ ಫೋನಿನಲ್ಲಿ ಇದೆ. ಪರೀಕ್ಷೆ ಯಾವಾಗ ಎಂದು ವಾಯ್ಸ್ ಮೆಸೇಜ್ ಕಳಿಸಿ ಕೇಳುತ್ತಿರುತ್ತಾರೆ. ಕಳೆದ ಸಲ ಬಂದ ಉತ್ತರದಲ್ಲಿ ಅವನು ಹಿಂದಿಯ ನಡುವೆ ಎರಡು ವಾಕ್ಯ ಪೋರ್ಚುಗೀಸ್‌ನಲ್ಲೇ ಹೇಳಿದ್ದ. ಅಮ್ಮ ಅದನ್ನು ನನಗೆ ಕಳಿಸಿ, ಸರಿಯಾಗಿ ಹೇಳಿದ್ದಾನಾ ಎಂದು ಯಾರ ಹತ್ತಿರವಾದರೂ ಕೇಳಿ ತಿಳಿಸು ಎಂದಿದ್ದಾರೆ.